ಆರು ಡ್ರ್ಯಾಗನ್, ಒಂದು ಸಾಲು ಕುಸುಬೆ

ಎಳ್ಳಮಾವಾಸ್ಯೆಯ ಚರಗಕ್ಕೆಂದು ಬಾಗಲಕೋಟೆಯ ನವನಗರದಿಂದ ತಂಗಿಯ ಸಂಸಾರ ಹುನಗುಂದದ ಕಡೆಯ ನಮ್ಮ ಎರೆಹೊಲಕ್ಕೆ ಬಂದಿತ್ತು. ಬುತ್ತಿಯ ಗಂಟು ಇನ್ನೂ ಬಿಚ್ಚಿರಲಿಲ್ಲ. ಹೈಸ್ಕೂಲು ಓದುವ ಅಳಿಯ ಮಾತ್ರ ಬನ್ನಿ ಗಿಡದ ನೆರಳಿನಲ್ಲಿ ಗೇಮ್ ಯಂತ್ರ ಹಿಡಿದುಕೊಂಡು ಮುಖ ಊದಿಸಿ ಕೂತಿದ್ದ. ಏನಾಯಿತೆಂದು ಕೇಳಿದರೆ, ‘ಮಾಮಾ, ನನ್ನ ತಂಡದಲ್ಲಿ ಆರೂ ಜನ ಬಲಾಢ್ಯರು. ರಾತ್ರಿ ಒಂದು ಗುಲಾಬಿ ರಿಬ್ಬನ್ನಿನ ಪ್ರಾಣಿಗೆ ಸೋತೆ’ ಎಂದ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವ ನನಗೆ ಮಕ್ಕಳ ಸೋಲಿನ ಕಥೆ ಹೊಸದಲ್ಲ. ಆದರೆ ಈ ಸೋಲಿನಲ್ಲಿ ಲೆಕ್ಕವಿತ್ತು.

ಆಟ ಪೋಕೆಮಾನ್. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಯಂತ್ರಕ್ಕಾಗಿ ಬಂದಾಗ ಅದರಲ್ಲಿದ್ದ ಜೀವಿಗಳು 151. ಇಂದು ಸಾವಿರ ದಾಟಿವೆ. ಹಿಡಿಯುವುದು, ಸಾಕುವುದು, ಕಾದಾಡಿಸುವುದು ಎಂದಷ್ಟೇ ಹೊರಗಿನವರಿಗೆ ಕಾಣುತ್ತದೆ. ಸ್ಪರ್ಧೆಗೆ ಇಳಿದವರಿಗೆ ಮಾತ್ರ ಅರ್ಧ ಆಟ ಹೋರಾಟಕ್ಕೆ ಮೊದಲೇ, ತಂಡ ಕಟ್ಟುವಾಗಲೇ, ಮುಗಿದಿರುತ್ತದೆ. ತಂಡಕ್ಕೆ ಆರು ಜೀವಿಗಳು ಬೇಕು. ಎಲ್ಲವೂ ಒಂದೇ ಆವೃತ್ತಿಯಲ್ಲಿ ಸಿಗುವುದಿಲ್ಲ ನಿಜ, ಆದರೂ ಲೆಕ್ಕಕ್ಕೆಂದು ಸಾವಿರದಲ್ಲಿ ಆರನ್ನು ಆಯುವ ಬಗೆಗಳನ್ನು ಎಣಿಸಿದರೆ 13 ಕೋಟಿ ಕೋಟಿಯನ್ನು ಮೀರುತ್ತವೆ. ಸೆಕೆಂಡಿಗೆ ಒಂದು ತಂಡದಂತೆ ಪರೀಕ್ಷಿಸುತ್ತ ಕೂತರೆ ನಾಲ್ಕು ಕೋಟಿ ವರ್ಷ ಹಿಡಿಯುತ್ತದೆ. ಹಾಗಾಗಿ ಯಾರೂ ಎಲ್ಲವನ್ನೂ ಪರೀಕ್ಷಿಸುವುದಿಲ್ಲ, ಯಾವುದಾದರೂ ಸುಲಭ ಸೂತ್ರ ಹಿಡಿಯುತ್ತಾರೆ. ನಮ್ಮ ಹುಡುಗ ಹಿಡಿದದ್ದು ಎಲ್ಲರೂ ಮೊದಲು ಹಿಡಿಯುವ ಸೂತ್ರವನ್ನೇ: ಹೆಚ್ಚು ಅಂಕದವರನ್ನು ಸೇರಿಸು.

ಪ್ರತಿ ಜೀವಿಗೂ ಪ್ರಾಣ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ ಎಂದು ಆರು ಮೂಲಾಂಕಗಳಿವೆ. ಅವನ ತಂಡದ ಗಾರ್ಚಾಂಪ್, ಡ್ರ್ಯಾಗನೈಟ್, ಸ್ಯಾಲಮೆನ್ಸ್, ಹೈಡ್ರೈಗನ್, ಗುಡ್ರಾ, ಡ್ರ್ಯಾಗಪಲ್ಟ್ ಪ್ರತಿಯೊಂದರದ್ದೂ ಮೊತ್ತ ಸರಿಯಾಗಿ 600. ಅವನನ್ನು ಸೋಲಿಸಿದ ಸಿಲ್ವಿಯಾನ್‌ನದು 525. ಕಾಗದದ ಮೇಲೆ ಇದು ಪೈಲವಾನನ ಎದುರು ಪೋರನೊಬ್ಬ ನಿಂತ ಹಾಗೆ.

ಆದರೆ ಅಂಕಗಳ ಆಚೆ ಇನ್ನೊಂದು ಕೋಷ್ಟಕವಿದೆ. ಬೆಂಕಿ, ನೀರು, ಹುಲ್ಲು, ವಿದ್ಯುತ್, ಮಂಜು, ಉಕ್ಕು ಹೀಗೆ ಗುಣಗಳು ಒಟ್ಟು 18. ಯಾವ ಗುಣದ ದಾಳಿ ಯಾವ ಗುಣದ ಮೇಲೆ ಹೇಗೆ ನಾಟುತ್ತದೆ ಎಂಬುದಕ್ಕೆ 18ರ ಮಗ್ಗಿಯಂತೆ 324 ಮನೆಗಳು. ಅದರಲ್ಲಿ 51 ಮನೆಗಳಲ್ಲಿ ಹೊಡೆತ ಇಮ್ಮಡಿ, 61ರಲ್ಲಿ ಅರ್ಧ, ಎಂಟರಲ್ಲಿ ಸೊನ್ನೆ, ಉಳಿದ 204ರಲ್ಲಿ ಇದ್ದಷ್ಟೇ. ಒಂದು ಜೀವಿಗೆ ಎರಡು ಗುಣಗಳಿದ್ದರೆ ಎರಡೂ ಮನೆಗಳನ್ನು ಗುಣಿಸಬೇಕು. ಗಾರ್ಚಾಂಪ್ ಡ್ರ್ಯಾಗನ್ ಮತ್ತು ನೆಲ. ಮಂಜಿನ ದಾಳಿ ಎರಡರ ಮೇಲೂ ಇಮ್ಮಡಿ, ಆದ್ದರಿಂದ ನಾಲ್ಮಡಿ. ಡ್ರ್ಯಾಗನೈಟ್ ಮತ್ತು ಸ್ಯಾಲಮೆನ್ಸ್ ಡ್ರ್ಯಾಗನ್ ಮತ್ತು ಹಾರಾಟ, ಅವಕ್ಕೂ ನಾಲ್ಮಡಿ. ಉಳಿದ ಮೂರಕ್ಕೆ ಇಮ್ಮಡಿ. ಅಂದರೆ ಆರೂ ಮಂಜಿಗೆ ಹೆದರುತ್ತವೆ. 2013ರಲ್ಲಿ ಹದಿನೆಂಟನೆಯದಾಗಿ ಸೇರಿದ ಕಿನ್ನರಿ ಗುಣಕ್ಕೂ ಆರೂ ಹೆದರುತ್ತವೆ, ಹೈಡ್ರೈಗನ್ನಿಗಂತೂ ಅದು ನಾಲ್ಮಡಿ. ಸಾಲದ್ದಕ್ಕೆ ಡ್ರ್ಯಾಗನ್ ದಾಳಿ ಕಿನ್ನರಿಯ ಮೇಲೆ ಸೊನ್ನೆ. ಆ ಎಂಟು ಸೊನ್ನೆಗಳಲ್ಲಿ ಇದೂ ಒಂದು. ಸಿಲ್ವಿಯಾನ್ ಅಪ್ಪಟ ಕಿನ್ನರಿ. ಹುಡುಗ ತನ್ನ ಆರೂ ವೀರರಿಗೆ ಡ್ರ್ಯಾಗನ್ ದಾಳಿಯನ್ನೇ ಮುಖ್ಯವಾಗಿ ಕಲಿಸಿದ್ದ.

‘ನೀನು ಆರು ಬೀಗ ಹಾಕಿದ್ದೀಯ, ಎಲ್ಲಕ್ಕೂ ಒಂದೇ ಕೀಲಿ’ ಎಂದೆ. ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಕಾಕಾ ಚರಗ ಚೆಲ್ಲಿ ಬಂದರು. ಕಾಕಾ ಮೊಬೈಲಿನಲ್ಲಿ ಮಾತಾಡುವುದನ್ನು ಬಿಟ್ಟರೆ ಬೇರೇನೂ ಮಾಡಿದವರಲ್ಲ. ಆದರೆ ಅವರ ಹೊಲ ನೋಡಿ: ನಡುವೆ ಬಿಳಿಜೋಳ, ಬದುವಿನ ಗುಂಟ ಕುಸುಬೆ. ಎಳೆಯದಿದ್ದಾಗ ಕುಸುಬೆಯ ಎಲೆಯಿಂದ ಪಲ್ಯ ಮಾಡುತ್ತೇವೆ. ಈ ಹೊತ್ತಿಗೆ ಅದು ಮೈತುಂಬ ಮುಳ್ಳು ತಳೆದು ನಿಂತಿರುತ್ತದೆ. ಮೇಯಲು ಬಂದ ದನ ಮೂತಿ ಚಾಚಿ, ಚುಚ್ಚಿಸಿಕೊಂಡು, ಹಿಂದೆ ಸರಿಯುತ್ತದೆ. ಜೋಳ ಉಳಿಯುತ್ತದೆ. ಎಕರೆಗೆ ಎಷ್ಟು ಚೀಲ ಎಂಬ ಒಂದೇ ಅಂಕದಿಂದ ಅಳೆದರೆ ಬದುವಿನ ಆ ಸಾಲು ಕುಸುಬೆ ತನ್ನ ಬೆಲೆಯನ್ನು ತೋರಿಸುವುದೇ ಇಲ್ಲ. ಅದರ ಬೆಲೆ ಇರುವುದು ಜೋಳದ ರಾಶಿಯಲ್ಲಿ.

ಪೋಕೆಮಾನ್ ಲೋಕದ ಅತಿ ಪ್ರಸಿದ್ಧ ಕುಸುಬೆಯ ಹೆಸರು ಪಾಚಿರಿಸು. ಅದೊಂದು ವಿದ್ಯುತ್ ಅಳಿಲು. ಮೂಲಾಂಕಗಳ ಮೊತ್ತ ಬರೀ 405. 2014ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗೆ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಇದನ್ನು ತಂದರು, ಗೆದ್ದು ಹೋದರು. ಈ ಸ್ಪರ್ಧೆಯಲ್ಲಿ ಎರಡೂ ಕಡೆಯಿಂದ ಏಕಕಾಲಕ್ಕೆ ಇಬ್ಬಿಬ್ಬರು ಕಣದಲ್ಲಿರುತ್ತಾರೆ. ಪಾಚಿರಿಸುವಿಗೆ ಗೊತ್ತಿದ್ದ ವಿದ್ಯೆಯೊಂದಿತ್ತು: ಎದುರಾಳಿಯ ಹೊಡೆತಗಳನ್ನು ಜೊತೆಗಾರನಿಂದ ತನ್ನ ಕಡೆಗೆ ಸೆಳೆದುಕೊಳ್ಳುವುದು. ಪಾರ್ಕ್ ಅದಕ್ಕೆ ಹೊಡೆಯುವ ತರಬೇತಿ ಕೊಡದೆ ಹೊಡೆತ ತಿನ್ನುವ ತರಬೇತಿ ಕೊಟ್ಟಿದ್ದರು. ಅದರ ಹಿಂದೆ ಗ್ಯಾರಡೋಸ್ ಎಂಬ ನೀರಿನ ರಕ್ಕಸ. ನೀರು ಮತ್ತು ಹಾರಾಟ ಎರಡೂ ಗುಣದ ಆ ಜೀವಿಗೆ ವಿದ್ಯುತ್ ನಾಲ್ಮಡಿ ವಿಷ. ಆದರೆ ವಿದ್ಯುತ್ ದಾಳಿಯನ್ನು ಅಳಿಲು ಸೆಳೆದುಕೊಂಡರೆ ಅದಕ್ಕೆ ಪೆಟ್ಟಾಗುವುದಿರಲಿ, ತನ್ನ ಪೂರ್ಣ ಪ್ರಾಣದ ಕಾಲು ಪಾಲಿನಷ್ಟು ಮರಳಿ ಬರುತ್ತದೆ. ಬೇರೆ ಜೊತೆಗಾರನ ಪಕ್ಕದಲ್ಲಿ ಈ ಅಳಿಲಿಗೆ ಇಷ್ಟು ಬೆಲೆ ಬರುತ್ತಿರಲಿಲ್ಲ. ಪಾಚಿರಿಸುವಿನ 405ನ್ನು ಗ್ಯಾರಡೋಸ್‌ನ 540ಕ್ಕೆ ಕೂಡಿಸಿದರೆ ಬರುವ ಸಂಖ್ಯೆಯಲ್ಲಿ ಈ ಸಂಗತಿ ಎಲ್ಲಿಯೂ ಇಲ್ಲ.

ಕಾಕಾ ಈ ಕಥೆಯನ್ನು ಗಮನವಿಟ್ಟು ಕೇಳಿದರು. ‘ಅಳಿಲೇ? ಇರಲಿ’ ಎಂದು ಸಜ್ಜೆ ರೊಟ್ಟಿ ಮುರಿದರು.

ಊಟದ ನಡುವೆಯೇ ಅಳಿಯ ತಂಡ ಬಿಚ್ಚಿ ಹೊಸದಾಗಿ ಕಟ್ಟತೊಡಗಿದ. ‘ಇವಿ ಎಷ್ಟು ಹಾಕಲಿ?’ ಎಂದ. ನಮ್ಮಲ್ಲಿ ಇವಿ ಎಂದರೆ ಎಲೆಕ್ಟ್ರಿಕ್ ಸ್ಕೂಟರ್. ಅವರಲ್ಲಿ ತರಬೇತಿಯ ಅಂಕ. ಒಂದು ಜೀವಿಗೆ ಒಟ್ಟು 510 ಇವಿ, ಒಂದೇ ಮೂಲಾಂಕಕ್ಕೆ ಹೆಚ್ಚೆಂದರೆ 252. ಸ್ಪರ್ಧೆಗಳು ನಡೆಯುವ 50ನೇ ಹಂತದಲ್ಲಿ ಸರಿಸುಮಾರು ಎಂಟು ಇವಿಗೆ ಒಂದು ಅಂಕ ಏರುತ್ತದೆ. ಒಂದು ಅಂಕದಿಂದ ಏನಾದೀತು? ಇದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ನನಗೆ ಈ ಆಟದಲ್ಲಿ ಅತಿ ಇಷ್ಟವಾದ ಮೂಲೆ ಇದೇ.

ಹೊಡೆತದ ಸೂತ್ರ ಬಚ್ಚಿಟ್ಟ ಗುಟ್ಟೇನಲ್ಲ. 50ನೇ ಹಂತದಲ್ಲಿ 22ನ್ನು ದಾಳಿಯ ಬಲದಿಂದ ಗುಣಿಸಿ, ಹೊಡೆಯುವವನ ದಾಳಿಯಂಕದಿಂದ ಗುಣಿಸಿ, ತಿನ್ನುವವನ ರಕ್ಷಣಾಂಕದಿಂದ ಭಾಗಿಸಿ, 50ರಿಂದ ಭಾಗಿಸಿ, 2 ಕೂಡಿಸಬೇಕು. ಬಲ 80, ದಾಳಿ 150, ರಕ್ಷಣೆ 100 ಎಂದಿಟ್ಟುಕೊಳ್ಳಿ. ದಶಮಾಂಶ ಬಿಟ್ಟರೆ 54 ಬರುತ್ತದೆ. ಇಲ್ಲಿ ಆಟ ಒಂದು ದಾಳ ಉರುಳಿಸುತ್ತದೆ: ಶೇಕಡಾ 85ರಿಂದ 100ರವರೆಗಿನ 16 ಬೆಲೆಗಳಲ್ಲಿ ಯಾವುದಾದರೂ ಒಂದರಿಂದ ಗುಣಾಕಾರ. ಹೊಡೆಯುವವನದ್ದೂ ಅದೇ ಗುಣವಾಗಿದ್ದರೆ ಒಂದೂವರೆ ಪಟ್ಟು, ಎದುರಾಳಿಯ ದೌರ್ಬಲ್ಯಕ್ಕೆ ತಾಕಿದರೆ ಇನ್ನೆರಡು ಪಟ್ಟು. ಕೊನೆಗೆ ಹೊಡೆತ ಕನಿಷ್ಠ 134, ಗರಿಷ್ಠ 162.

ಈಗ ತಿನ್ನುವವನ ಪ್ರಾಣ 155 ಇದೆ ಎನ್ನಿ. ಹದಿನಾರು ದಾಳಗಳಲ್ಲಿ ನಾಲ್ಕು ಅವನನ್ನು ಕೆಡಹುತ್ತವೆ. ಎರಡೇ ಅಂಕ ಏರಿಸಿ 157 ಮಾಡಿ: ಕೆಡಹುವ ದಾಳಗಳು ಎರಡಕ್ಕೆ ಇಳಿಯುತ್ತವೆ. 159ಕ್ಕೆ ಒಂದೇ. 163 ಆದರೆ ಯಾವ ದಾಳವೂ ಕೆಡಹಲಾರದು. 163ರ ನಂತರ? ಇನ್ನೂ ಹತ್ತು ಅಂಕ ಸುರಿದರೂ ಈ ಒಂದು ಹೊಡೆತದ ಮಟ್ಟಿಗೆ ನಯಾಪೈಸೆ ಲಾಭವಿಲ್ಲ. ಬಲ ಎಂಬುದು ಇಳಿಜಾರಿನಂತೆ ಏರದೆ ಮೆಟ್ಟಿಲಿನಂತೆ ಏರುತ್ತದೆ. 155ರಿಂದ 163ಕ್ಕೆ ಏರಲು 64 ಇವಿ ಖರ್ಚು. ಅದೇ 64ನ್ನು ವೇಗಕ್ಕೆ ಹಾಕಿದ್ದರೆ ಎಂಟು ಅಂಕ ವೇಗ ಸಿಕ್ಕು, ಹೊಡೆತ ಬೀಳುವ ಮೊದಲೇ ತಾನು ಹೊಡೆಯಬಹುದಿತ್ತೇನೋ. ಮುಧೋಳದ ನಾಯಿಯನ್ನು ನೋಡಿದವರಿಗೆ ಈ ಕೊಡು-ಕೊಳ್ಳುವಿಕೆಯನ್ನು ವಿವರಿಸಬೇಕಾಗಿಲ್ಲ. ಉದ್ದ ಕಾಲು, ಒಳಸರಿದ ಹೊಟ್ಟೆ, ಮೈಮೇಲೆ ಒಂದು ಚೂರೂ ಹೆಚ್ಚಿನ ಮಾಂಸವಿಲ್ಲ. ಮೊಲದ ಬೆನ್ನಟ್ಟಲು ಹೇಳಿ ಮಾಡಿಸಿದ ಮೈ, ಕರಡಿಯೊಡನೆ ಗುದ್ದಾಡಲಲ್ಲ.

ಆದರೆ ಆ ‘ಒಂದು ಹೊಡೆತ’ ಯಾರ ಹೊಡೆತ? ಅಳಿಯ ಸರಿಯಾಗಿ ಇಲ್ಲಿಯೇ ಸಿಕ್ಕಿಬಿದ್ದ. ಎಲ್ಲ ಹೊಡೆತಗಳಿಗೂ ಮೆಟ್ಟಿಲು ಕಟ್ಟಲು 510 ಸಾಲುವುದಿಲ್ಲ. ಯಾರು ಹೆಚ್ಚಾಗಿ ಎದುರು ಬರುತ್ತಾರೋ ಅವರಿಗೆ ಕಟ್ಟಬೇಕು. ಹಾಗಾದರೆ ಯಾರು ಹೆಚ್ಚಾಗಿ ಬರುತ್ತಾರೆ?

ಹುರಿದ ಶೇಂಗಾ ಮುಂದಿತ್ತು. ಅವನನ್ನೂ ಅವನ ತಂಗಿಯನ್ನೂ ಕೂರಿಸಿ ಕಲ್ಲು-ಕಾಗದ-ಕತ್ತರಿ ಆಡಿಸಿದೆ, ಒಂದು ಸಣ್ಣ ತಿದ್ದುಪಡಿಯೊಂದಿಗೆ. ಕಾಗದದಿಂದಲೋ ಕತ್ತರಿಯಿಂದಲೋ ಗೆದ್ದರೆ ಸೋತವರು ಒಂದು ಶೇಂಗಾ ಕೊಡಬೇಕು. ಕಲ್ಲಿನಿಂದ ಗೆದ್ದರೆ ಎರಡು. ಹುಡುಗ ಆಸೆಯಿಂದ ಕಲ್ಲಿನ ಮೇಲೆ ಕಲ್ಲು ಹಾಕಿದ. ಹುಡುಗಿ ಮೂರನೇ ಸುತ್ತಿನಿಂದ ಅಂಗೈ ಅಗಲಿಸಿ ಕಾಗದ ಹಿಡಿಯತೊಡಗಿದಳು. ಹತ್ತು ನಿಮಿಷದಲ್ಲಿ ಅವಳ ಮಡಿಲು ತುಂಬಿತು.

ಗಣಿತಜ್ಞ ಜಾನ್ ವಾನ್ ನಾಯ್ಮನ್ 1928ರಲ್ಲಿ ಸಾಧಿಸಿದ ಪ್ರಮೇಯದ ದಾರಿಯಲ್ಲಿ ಈ ಆಟವನ್ನು ಬಿಡಿಸಿದರೆ ಉತ್ತರ ಚೊಕ್ಕವಾಗಿದೆ. ಇಬ್ಬರೂ ಜಾಣರಾಗಿದ್ದರೆ ಕಲ್ಲನ್ನು ನಾಲ್ಕರಲ್ಲಿ ಒಂದು ಬಾರಿ, ಕತ್ತರಿಯನ್ನು ನಾಲ್ಕರಲ್ಲಿ ಒಂದು ಬಾರಿ, ಕಾಗದವನ್ನು ಅರ್ಧದಷ್ಟು ಬಾರಿ ತೋರಿಸಬೇಕು. ಪರೀಕ್ಷಿಸುವುದು ಸುಲಭ. ಅಂಥ ಎದುರಾಳಿಯ ಮುಂದೆ ಕಲ್ಲು ಹಾಕಿದರೆ ನಾಲ್ಕು ಸುತ್ತಿಗೆ ಕಾಗದದ ಎದುರು ಎರಡು ಶೇಂಗಾ ಹೋಗುತ್ತವೆ, ಕತ್ತರಿಯ ಎದುರು ಎರಡು ಬರುತ್ತವೆ, ಲೆಕ್ಕ ಸರಿಹೋಯಿತು. ಬಹುಮಾನ ಹೆಚ್ಚಿಸಿದ್ದು ಕಲ್ಲಿಗೆ. ಬೇಡಿಕೆ ಹೆಚ್ಚಿದ್ದು ಕಾಗದಕ್ಕೆ. ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ನನಗೆ ಇನ್ನೂ ಬೆರಗು ಹೋಗಿಲ್ಲ. 2013ಕ್ಕೆ ಮೊದಲು ಡ್ರ್ಯಾಗನ್ ದಾಳಿಯನ್ನು ಅರ್ಧಕ್ಕೆ ಇಳಿಸಬಲ್ಲದ್ದು ಉಕ್ಕಿನ ಗುಣ ಒಂದೇ ಇತ್ತು. ಎಲ್ಲರೂ ಡ್ರ್ಯಾಗನ್ ತರುವ ಕಣದಲ್ಲಿ ಉಕ್ಕಿನ ಬೆಲೆ ಏರುವುದು ಉಕ್ಕಿನ ಅಂಕಗಳಿಂದಲ್ಲ, ಡ್ರ್ಯಾಗನ್‌ನ ಜನಪ್ರಿಯತೆಯಿಂದ.

ಇದೆಲ್ಲ ಮನುಷ್ಯರ ಜಾಣತನಕ್ಕಷ್ಟೇ ಸೇರಿದ್ದೆಂದು ತಿಳಿಯಬೇಡಿ. ಮೊದಲ ಪೋಕೆಮಾನ್ ಆಟ ಬಂದ ಅದೇ 1996ರಲ್ಲಿ, ಬ್ಯಾರಿ ಸಿನರ್ವೊ ಮತ್ತು ಕರ್ಟಿಸ್ ಲೈವ್ಲಿ ಕ್ಯಾಲಿಫೋರ್ನಿಯಾದ ಹಲ್ಲಿಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಆ ಜಾತಿಯ ಗಂಡುಗಳ ಗಂಟಲಿಗೆ ಮೂರು ಬಣ್ಣ. ಕಿತ್ತಳೆ ಗಂಟಲಿನದು ಪುಂಡ. ದೊಡ್ಡ ಜಾಗ ಹಿಡಿದು ನೀಲಿಯವರನ್ನು ಓಡಿಸುತ್ತದೆ. ಹಳದಿಯದು ಕಳ್ಳ, ಹೆಣ್ಣಿನಂತೆ ಕಾಣುವುದರಿಂದ ಕಿತ್ತಳೆಯ ವಿಶಾಲ ಜಾಗದೊಳಗೆ ನುಸುಳಿ ಕೂಡಿ ಬರುತ್ತದೆ. ನೀಲಿಯದು ಗೃಹಸ್ಥ, ತನ್ನ ಹೆಣ್ಣಿನ ಪಕ್ಕ ಬಿಡದೆ ಕಾಯುವುದರಿಂದ ಹಳದಿಯ ಆಟ ಅದರ ಮುಂದೆ ನಡೆಯುವುದಿಲ್ಲ. ಕಿತ್ತಳೆ ಹೆಚ್ಚಿದ ಮೇಲೆ ಹಳದಿಯ ಕಾಲ, ಹಳದಿ ಹೆಚ್ಚಿದ ಮೇಲೆ ನೀಲಿಯ ಕಾಲ, ಮತ್ತೆ ಕಿತ್ತಳೆ. ಯಾವ ಹಲ್ಲಿಯೂ ಲೆಕ್ಕ ಹಾಕಲಿಲ್ಲ. ಸಂತಾನ ಎಷ್ಟು ಉಳಿಯಿತೆಂಬುದೇ ಲೆಕ್ಕವಾಯಿತು.

2002ರಲ್ಲಿ ಬೆಂಜಮಿನ್ ಕೆರ್ ಮತ್ತು ಸಂಗಡಿಗರು ಇದೇ ಚಕ್ರವನ್ನು ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾಗಳಲ್ಲಿ ಆಡಿಸಿದರು. ಒಂದು ತಳಿ ವಿಷ ಕಾರುತ್ತದೆ, ಒಂದು ಆ ವಿಷಕ್ಕೆ ಸಾಯುತ್ತದೆ, ಇನ್ನೊಂದು ವಿಷವನ್ನು ತಾಳಿಕೊಳ್ಳುತ್ತದೆ. ತಾಳಿಕೊಳ್ಳುವುದು ವಿಷ ತಯಾರಿಸುವುದಕ್ಕಿಂತ ಅಗ್ಗ, ಎರಡನ್ನೂ ಬಿಟ್ಟು ಸುಮ್ಮನೆ ಬೆಳೆಯುವುದು ಎಲ್ಲಕ್ಕಿಂತ ಅಗ್ಗ. ಹೀಗೆ ಮೂವರೂ ಒಬ್ಬರನ್ನೊಬ್ಬರು ಸುತ್ತುತ್ತಾರೆ. ಅಲುಗಾಡಿಸುತ್ತಿದ್ದ ಫ್ಲಾಸ್ಕಿನಲ್ಲಿ ಎಲ್ಲ ಬೆರೆತಾಗ ಕೊನೆಗೆ ಉಳಿದದ್ದು ತಾಳಿಕೊಳ್ಳುವ ತಳಿ ಮಾತ್ರ. ಅಲುಗಾಡದ ತಟ್ಟೆಯ ಮೇಲೆ, ಪ್ರತಿಯೊಬ್ಬರಿಗೂ ಅಕ್ಕಪಕ್ಕದವರೊಡನೆ ಮಾತ್ರ ಜಗಳವಿದ್ದಾಗ, ಮೂರೂ ಉಳಿದುಕೊಂಡವು. ನವನಗರದ ನಾಲ್ಕೈದು ಗೆಳೆಯರು ತಮ್ಮತಮ್ಮಲ್ಲೇ ಆಡುವಾಗ ಕಾಣುವ ವಿಚಿತ್ರ ತಂಡಗಳು ಇಂಟರ್ನೆಟ್‌ನಲ್ಲಿ ಏಕೆ ಕಾಣುವುದಿಲ್ಲ ಎಂಬುದಕ್ಕೂ ಇಂಥದೇ ಕಾರಣವಿರಬಹುದು ಎಂದು ನನ್ನ ಊಹೆ. ಊಹೆ ಮಾತ್ರ.

ಹೊತ್ತು ಇಳಿಯುವಾಗ ಅಳಿಯ ಹೊಸ ತಂಡ ತೋರಿಸಿದ. ಡ್ರ್ಯಾಗನ್ ಒಂದೇ ಉಳಿದಿತ್ತು. ಉಕ್ಕು ಬಂದಿತ್ತು, ನೀರು ಬಂದಿತ್ತು. ಆರನೆಯ ಜಾಗದಲ್ಲಿ ಪಾಚಿರಿಸು. ‘2014ರಲ್ಲಿ ಗೆದ್ದದ್ದಲ್ಲವೇ?’ ಎಂದ. ‘ಗೆದ್ದದ್ದು ಆ ವರ್ಷದ ಕಣದಲ್ಲಿ, ಆ ವರ್ಷ ಬಂದ ಎದುರಾಳಿಗಳ ಮುಂದೆ. ನಿನ್ನ ಎದುರು ಬರುವವರು ಯಾರು?’ ಎಂದೆ. ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

ಎತ್ತಿನ ಬಂಡಿ ಹತ್ತುವ ಮುನ್ನ ಅವನು ಬದುವಿಗೆ ಹೋಗಿ ಕುಸುಬೆಯ ಮುಳ್ಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಪಕ್ಕದ ಹೊಲಕ್ಕೆ ಅಂಥ ಬೇಲಿ ಇರಲಿಲ್ಲ. ಅಂಚಿನ ಜೋಳ ಮೊಣಕಾಲೆತ್ತರಕ್ಕೆ ಮೇಯ್ದು ಹೋಗಿತ್ತು. ‘ಅಜ್ಜಾ, ಮುಂದಿನ ವರ್ಷ ಅವರೂ ಕುಸುಬೆ ಹಾಕಿದರೆ ದನ ಎಲ್ಲಿಗೆ ಹೋಗುತ್ತವೆ?’ ಎಂದು ಕೇಳಿದ. ಕಾಕಾ ಕೊರಳ ಹಗ್ಗ ಬಿಗಿಯುತ್ತಿದ್ದವರು ಕೈ ನಿಲ್ಲಿಸಿ, ತಮ್ಮ ಬದುವನ್ನೊಮ್ಮೆ ನೋಡಿ, ‘ಎರಡು ಸಾಲು ಹಾಕಬೇಕಾದೀತು’ ಎಂದರು.