ಬ್ರೆಡ್ ಬೇಡ, ಒಂದು ಹೊರೆ ಕಣಕಿ ತನ್ನಿ

ಎಲ್ಲೋ ಊರು ಮುಳುಗಿದೆ ಅಂತ ಟಿವಿಯಲ್ಲಿ ಬಂದರೆ ಸಾಕು, ಅರ್ಧ ಗಂಟೆಯಲ್ಲಿ ನನ್ನ ಫೋನ್ ಹೊಡೆದುಕೊಳ್ಳೋಕೆ ಶುರುವಾಗುತ್ತದೆ. ‘ಸರ್, ನಮ್ಮ ಅಪಾರ್ಟ್‌ಮೆಂಟಲ್ಲಿ ಬಟ್ಟೆ ಕಲೆಕ್ಟ್ ಮಾಡ್ತಾ ಇದೀವಿ, ಲಾರಿ ಯಾವಾಗ ಹೊರಡುತ್ತೆ?’ ಬೆಂಗಳೂರಿನಲ್ಲಿ ಪರಿಹಾರದ ಸಾಮಾನು ಒಟ್ಟುಮಾಡಿ ಕಳಿಸುವುದು ನನ್ನ ಕೆಲಸ. ಈ ಪ್ರಶ್ನೆಗೆ ನನ್ನ ಉತ್ತರ ಕೇಳಿ ಎಷ್ಟೋ ಜನ ಬೇಜಾರು ಮಾಡಿಕೊಂಡಿದ್ದಾರೆ. ದಯವಿಟ್ಟು ಬಟ್ಟೆ ಬೇಡ.

ಯಾಕೆ ಅಂತ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದಾಗ ಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ನಾವು ಬಟ್ಟೆ ವಿಂಗಡಿಸಲು ಕೂತೆವು. ಒಳ್ಳೆಯ ಬಟ್ಟೆಯೂ ಇತ್ತು, ಸುಳ್ಳು ಹೇಳಬಾರದು. ಆದರೆ ಅದರ ಜೊತೆ ಗುಂಡಿ ಕಿತ್ತ ಶರ್ಟು, ಕಂಪನಿಯ ಹೆಸರು ಹಾಕಿದ ಎಕ್ಸ್‌ಎಲ್ ಟೀ ಶರ್ಟುಗಳ ರಾಶಿ, ಒಗೆಯದ ಹೊದಿಕೆ, ಗೆಜ್ಜೆ ಸಮೇತ ಒಂದು ಭರತನಾಟ್ಯದ ಡ್ರೆಸ್. ಇಲ್ಲಿ ಇಪ್ಪತ್ತು ಜನ ಇದ್ದರು, ಮಧ್ಯೆ ಕಾಫಿ ಬರುತ್ತಿತ್ತು, ಹಾಗಾಗಿ ನಡೆಯಿತು. ಇದೇ ಮೂಟೆ ಬಿಚ್ಚದೆ ಅಲ್ಲಿಗೆ ಹೋಗಿದ್ದರೆ ಬಿಚ್ಚುವವರು ಯಾರು? ಮನೆ ಕಳೆದುಕೊಂಡವರೇ, ಇಲ್ಲವೇ ಮೂರು ದಿನದಿಂದ ನಿದ್ದೆ ಇಲ್ಲದ ಅಂಗನವಾಡಿ ಕಾರ್ಯಕರ್ತೆ.

ನಾವು ಕಳಿಸುವ ಪ್ರತಿ ಡಬ್ಬವೂ ಅಲ್ಲಿ ಯಾರಿಗೋ ಒಂದು ಕೆಲಸ. ಇಳಿಸಬೇಕು, ನೆನೆಯದ ಜಾಗ ಹುಡುಕಬೇಕು, ಎಣಿಸಬೇಕು, ಜಗಳ ಆಗದ ಹಾಗೆ ಹಂಚಬೇಕು. ಈ ಲೆಕ್ಕವನ್ನು ಕೊಡುವವರು ಯಾರೂ ಹಾಕುವುದಿಲ್ಲ.

ನೀರಿನ ಲೆಕ್ಕ ನೋಡಿ. ನಮ್ಮ ವೃತ್ತಿಯಲ್ಲಿ ಎಲ್ಲರೂ ಪಾಲಿಸುವ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಪರಿಹಾರ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು, ಕುಡಿಯಲು, ಅಡುಗೆಗೆ, ಮೈಕೈ ತೊಳೆಯಲು ಎಲ್ಲಾ ಸೇರಿ. 500 ಜನ ಇರುವ ಪರಿಹಾರ ಕೇಂದ್ರಕ್ಕೆ ದಿನಕ್ಕೆ 7,500 ಲೀಟರ್ ಆಯಿತು. ಒಂದು ಟಾಟಾ ಏಸ್ ಹೊರುವುದು ಸುಮಾರು ಮುಕ್ಕಾಲು ಟನ್. ಅಂದರೆ ಬಾಟಲಿ ನೀರಲ್ಲೇ ಪೂರೈಸುತ್ತೇವೆ ಅಂತ ಹೊರಟರೆ ದಿನಾ ಹತ್ತು ಗಾಡಿ, ಅದೂ ಸೇತುವೆ ಮುಳುಗಿರುವ ರಸ್ತೆಯಲ್ಲಿ. ಮೊದಲ ಎರಡು ದಿನಕ್ಕೆ ಬಾಟಲಿ ಸರಿ. ಆಮೇಲೆ ಬೇಕಾಗಿದ್ದು ನಲ್ಲಿ ಇರುವ ಪ್ಲಾಸ್ಟಿಕ್ ಟ್ಯಾಂಕು, ಬ್ಲೀಚಿಂಗ್ ಪೌಡರ್ ಅಥವಾ ಕ್ಲೋರಿನ್ ಮಾತ್ರೆ, ಜೊತೆಗೊಂದು ಚಿಕ್ಕ ಪರೀಕ್ಷೆ ಕಿಟ್. ನಲ್ಲಿ ನೀರಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯಾ ಅಂತ ಹತ್ತನೇ ಕ್ಲಾಸಿನ ಹುಡುಗಿಯೂ ನೋಡಿ ಹೇಳಬಹುದು. ಆದರೆ ಕ್ಲೋರಿನ್ ಕಿಟ್ ಪಕ್ಕ ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ, ಅಲ್ವಾ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬೆಳಗಾವಿ, ಬಾಗಲಕೋಟೆ ಕಡೆ ಊರೂರೇ ನೀರಲ್ಲಿ ನಿಂತಿದ್ದವು. ನಾವು ಇಲ್ಲಿಂದ ಬ್ರೆಡ್ ಕೊಂಡೊಯ್ದೆವು. ಮುಧೋಳ ಸೇರುವ ಹೊತ್ತಿಗೆ ಅರ್ಧಕ್ಕೆ ಬೂಸ್ಟು ಬಂದಿತ್ತು. ಅದೇ ಹೊತ್ತಿಗೆ ಅಕ್ಕಪಕ್ಕದ ಊರಿನವರು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ ತಂದಿದ್ದರು. ತಿಂಗಳಾದರೂ ಕೆಡುವುದಿಲ್ಲ, ಒಲೆ ಬೇಡ, ತಿನ್ನುವವರಿಗೆ ಹುಟ್ಟಿನಿಂದ ರೂಢಿ. ನಾಚಿಕೆ ಆಯಿತು. ಅಲ್ಲೇ ಒಬ್ಬ ಅಜ್ಜಿ ನನ್ನ ಕೈ ಹಿಡಿದು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: ‘ಯಪ್ಪಾ, ನಿಮ್ಮ ಬ್ರೆಡ್ ಬ್ಯಾಡ, ನಮ್ಮ ಎಮ್ಮಿಗೆ ಒಂದ್ ಹೊರಿ ಕಣಕಿ ತಂದ್ ಕೊಡ್ರಿ.’ ಕಣಕಿ ಅಂದರೆ ಜೋಳದ ದಂಟಿನ ಒಣ ಮೇವು. ನೀರು ಏರುತ್ತಿದ್ದರೂ ಎಷ್ಟೋ ಜನ ಮನೆ ಬಿಟ್ಟು ಬರಲಿಲ್ಲ, ದನ ಬಿಟ್ಟು ಹೇಗೆ ಬರುವುದು ಅಂತ. ಮೇವು ಸಿಗುತ್ತದೆ ಅಂತ ಗೊತ್ತಾದ ಮೇಲೆ ಎತ್ತರದ ಜಾಗಕ್ಕೆ ಬಂದರು. ಒಂದು ಗಾಡಿ ಮೇವು ಜೀವ ಉಳಿಸುತ್ತದೆ ಅಂತ ನನಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಅಂದಿನಿಂದ ನಮ್ಮದು ಒಂದೇ ನಿಯಮ. ಮೊದಲು ಫೋನ್, ಆಮೇಲೆ ಲಾರಿ. ಊರಿನ ಆಶಾ ಕಾರ್ಯಕರ್ತೆ, ಪಂಚಾಯಿತಿಯ ಪಿಡಿಒ, ಶಾಲೆಯ ಹೆಡ್‌ಮಾಸ್ಟರ್, ಯಾರಾದರೂ ಸರಿ. ಏನು ಬೇಕು ಅನ್ನುವುದಕ್ಕಿಂತ ಏನು ಈಗಾಗಲೇ ಜಾಸ್ತಿ ಬಂದಿದೆ ಅಂತ ಕೇಳಿ, ಆಗ ಸರಿಯಾದ ಉತ್ತರ ಸಿಗುತ್ತದೆ. ಹತ್ತಿರದ ಪೇಟೆ ತೆರೆದಿದ್ದರೆ ಅಕ್ಕಿಬೇಳೆಯನ್ನು ಅಲ್ಲೇ ಕೊಳ್ಳುತ್ತೇವೆ, ಯಶವಂತಪುರ ಯಾರ್ಡಿನಿಂದ ಹೊತ್ತು ಹೋಗುವುದಿಲ್ಲ. ಮಳೆಯಿಂದ ಆ ಅಂಗಡಿಯವನಿಗೂ ವ್ಯಾಪಾರ ಬಿದ್ದಿರುತ್ತದೆ. ಇಲ್ಲಿಂದ ಕಳಿಸಬೇಕಾದದ್ದು ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡು, ಟಾರ್ಚು. ನೀರು ಇಳಿದ ಮೇಲೆ ಸಲಿಕೆ, ಬಕೆಟ್, ಪೊರಕೆ, ಗಮ್ ಬೂಟು. ಮನೆಯೊಳಗೆ ಮೊಣಕಾಲುದ್ದ ರಾಡಿ ಇರುತ್ತದೆ, ಬರಿಗಾಲಲ್ಲಿ ಇಳಿದರೆ ಗಾಜು, ತಗಡು, ಹಾವು. ಬಿಡಿ ಮಾತ್ರೆಯ ಸ್ಟ್ರಿಪ್ಪುಗಳನ್ನು ಮಾತ್ರ ಕಳಿಸಲೇಬೇಡಿ.

ಇನ್ನು ಕಾಗದದ ಕಥೆ. ಇದು ಯಾವ ನ್ಯೂಸ್ ಚಾನೆಲ್ಲಿಗೂ ಬರುವುದಿಲ್ಲ.

ಎರಡನೇ ವಾರಕ್ಕೆ ಕ್ಯಾಮೆರಾ ಹೋಗುತ್ತದೆ, ಲಾರಿ ನಿಲ್ಲುತ್ತದೆ. ಕಾಳಜಿ ಕೇಂದ್ರ (ಹಳಬರ ಬಾಯಲ್ಲಿ ಇನ್ನೂ ಗಂಜಿ ಕೇಂದ್ರವೇ) ಶಾಲೆಯಲ್ಲಿ ಇರುವುದರಿಂದ ಪಾಠ ಶುರು ಮಾಡಬೇಕು, ಜಾಗ ಬಿಡಿ ಅನ್ನುತ್ತಾರೆ. ಆಗ ಬರುತ್ತದೆ ಸಮೀಕ್ಷೆ. 2019ರಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡಿದರು. ಮುಕ್ಕಾಲು ಪಾಲಿಗಿಂತ ಜಾಸ್ತಿ ಹಾಳಾಗಿದ್ದರೆ ಎ, ಅದಕ್ಕೆ 5 ಲಕ್ಷ. ಸಿ ವರ್ಗಕ್ಕೆ 50 ಸಾವಿರ. ಒಂದು ಅಕ್ಷರದ ಮೇಲೆ ಒಂದು ಸಂಸಾರದ ಮುಂದಿನ ಹತ್ತು ವರ್ಷ ನಿಂತಿರುತ್ತದೆ. ಪಾಪ ಜನ ಏನು ಮಾಡಿರುತ್ತಾರೆ? ಅಧಿಕಾರಿಗಳು ಬರುವ ಮೊದಲೇ ಮನೆ ತೊಳೆದು, ಬಿದ್ದ ಗೋಡೆಯ ಕಲ್ಲು ಬದಿಗೆ ಜೋಡಿಸಿ, ತಾಡಪಾಲು ಕಟ್ಟಿ ಚೊಕ್ಕ ಮಾಡಿ ಕೂತಿರುತ್ತಾರೆ. ಅದಕ್ಕೇ ನಮ್ಮ ಹುಡುಗರಿಗೆ ಹೇಳುತ್ತೇನೆ, ಸಲಿಕೆ ಹಿಡಿಯುವ ಮೊದಲು ಫೋನ್ ಹಿಡಿಯಿರಿ. ನಾಲ್ಕೂ ಗೋಡೆ, ನೀರಿನ ಗುರುತು, ಮನೆ ನಂಬರು, ಬಾಗಿಲಲ್ಲಿ ಮನೆಯವರು ನಿಂತಿರುವ ಒಂದು ಫೋಟೋ. ಪಂಚನಾಮೆಗೆ ಬಂದವರ ಮುಂದೆ ಇಡಲು ಏನಾದರೂ ಇರಬೇಕು.

ಆಮೇಲೆ ಆಧಾರ್ ನೀರಲ್ಲಿ ಹೋಗಿದೆ. ಆನ್‌ಲೈನಲ್ಲಿ ತೆಗೆಯೋಣ ಅಂದರೆ ಜೋಡಿಸಿದ ಮೊಬೈಲ್ ನಂಬರು ಯಾವತ್ತೋ ಬದಲಾಗಿದೆ. ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದೆ, ಅಣ್ಣತಮ್ಮಂದಿರು ನಾಲ್ಕು ಜನ, ಹಣ ಯಾರ ಖಾತೆಗೆ? ಪಹಣಿ ಮಾತ್ರ ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ, ಪುಣ್ಯ. ಬೆಂಗಳೂರಿನವರು ನಿಜಕ್ಕೂ ಬೇಕಾಗುವುದು ಇಲ್ಲಿ. ದಿನಪೂರ್ತಿ ಕಂಪ್ಯೂಟರ್ ಮುಂದೆ ಕೂರುವ ಜನ ನಾವು, ಅರ್ಜಿ ತುಂಬುವುದು ನಮಗೆ ನೀರು ಕುಡಿದಷ್ಟು ಸಲೀಸು.

ದೂರದ ಊರಿನ ಮಾತು ಮಾತ್ರ ಅಲ್ಲ ಇದು. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು ಕಡೆ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ಎಲ್ಲರೂ ನೋಡಿದ್ದೇವೆ. ಅದೇ ರಸ್ತೆಯ ತಗ್ಗಿನಲ್ಲಿ ತಗಡಿನ ಶೆಡ್ಡುಗಳಲ್ಲಿದ್ದ ಕಟ್ಟಡ ಕೆಲಸದವರಿಗೆ ವಿಳಾಸವೇ ಇರಲಿಲ್ಲ. ವಿಳಾಸ ಇಲ್ಲದವರನ್ನು ಯಾವ ಪಟ್ಟಿಗೆ ಸೇರಿಸುವುದು ಅಂತ ನಾನು ಎರಡು ದಿನ ಸುಮ್ನೆ ಅಲೆದೆ.

ಬಟ್ಟೆ ಬೇಡ ಅಂದಿದ್ದಕ್ಕೆ 2019ರಲ್ಲಿ ಫೋನ್ ಕುಕ್ಕಿದ ಒಬ್ಬ ಹೆಣ್ಣುಮಗಳು ಇದ್ದರು. ಮೂರನೇ ವಾರ ಅವರೇ ಮತ್ತೆ ಫೋನ್ ಮಾಡಿದರು, ‘ಈಗ ಹೇಳಿ, ಏನ್ ತರಲಿ?’ ಲ್ಯಾಪ್‌ಟಾಪು, ಪ್ರಿಂಟರು, ಎರಡು ರೀಮ್ ಪೇಪರ್ ಅಂದೆ. ಗೆಳತಿಯ ಜೊತೆ ರಾತ್ರಿ ಬಸ್ಸಿಗೆ ಬಂದು ಪಂಚಾಯಿತಿ ಕಟ್ಟೆಯ ಮೇಲೆ ಕೂತರು. ಮಧ್ಯಾಹ್ನದ ಹೊತ್ತಿಗೆ ಸಾಲು ರಸ್ತೆಗೆ ಬಂದಿತ್ತು. ನಾಲ್ಕು ಗಂಟೆಗೆ ಇಂಕ್ ಮುಗಿಯಿತು. ಸಾಲಿನಲ್ಲಿದ್ದ ಒಬ್ಬ ಹುಡುಗ ಬೈಕ್ ತೆಗೆದುಕೊಂಡು ಮುಧೋಳಕ್ಕೆ ಹೋದ, ತಂದ ಕಾರ್ಟ್ರಿಡ್ಜಿಗೆ ದುಡ್ಡು ತೆಗೆದುಕೊಳ್ಳಲು ಎಷ್ಟು ಹೇಳಿದರೂ ಒಪ್ಪಲಿಲ್ಲ.