ಮಗಳಿಗೆ ಶಾಂತಲಾ ಅಂತ ಹೆಸರಿಡಬಹುದಾ?

ಹಾಸನದ ಓದುಗರೊಬ್ಬರ ಪ್ರಶ್ನೆ: "ಮಗಳಿಗೆ ಶಾಂತಲಾ ಅಂತ ಹೆಸರಿಡಬೇಕೆಂದಿದ್ದೇವೆ. ಅರ್ಥ ಏನು? ಆ ಹೆಸರು ಆಗಿಬರಲ್ಲ ಅಂತ ನಮ್ಮತ್ತೆ ಹಠ ಹಿಡಿದಿದ್ದಾರೆ."

ಮತ್ತೆ ಅದೇ ಪ್ರಶ್ನೆ! ಇರಲಿ.

ಅರ್ಥ ಸುಲಭ. ಶಾಂತಿಗೆ 'ಅಲೆ' ಅನ್ನುವ ಪ್ರತ್ಯಯ ಸೇರಿ ಶಾಂತಲೆ, ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿಯ ಹೆಸರು. ಹೊಯ್ಸಳರ ಮನೆಯ ಹೆಣ್ಣು ಹೆಸರುಗಳ ಧಾಟಿಯೇ ಅದು. ವಿಷ್ಣುವರ್ಧನನ ತಾಯಿ ಏಚಲದೇವಿ, ಶಾಂತಲೆಯ ಸವತಿ ಬಮ್ಮಲದೇವಿ, ಎರಡನೇ ಬಲ್ಲಾಳನ ರಾಣಿ ಕೇತಲದೇವಿ. ಹೆಸರಲ್ಲಿ ಶಾಂತಿ ಇದ್ದರೂ ಶಾಂತಲೆಯ ಬಿರುದು ಮಾತ್ರ 'ಸವತಿಗಂಧವಾರಣೆ', ಅಂದರೆ ಸವತಿಯರ ಪಾಲಿಗೆ ಮದ್ದಾನೆ! 1123ರಲ್ಲಿ ಆಕೆ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೂ ಅದೇ ಹೆಸರು. ಒಳಗಿರುವುದು ಜೈನ ತೀರ್ಥಂಕರ ಶಾಂತಿನಾಥ.

ಈಗ ಅತ್ತೆಯವರ ಭಯ. ಮಕ್ಕಳಾಗಲಿಲ್ಲ ಅಂತ ಶಾಂತಲೆ ಶಿವಗಂಗೆ ಬೆಟ್ಟದಿಂದ ಹಾರಿದಳು, ಆದ್ದರಿಂದ ಹೆಸರು ಬೇಡ. ಅದೇ ತಾನೇ? ಬೆಟ್ಟದ ಮೇಲೆ 'ಶಾಂತಲಾ ಡ್ರಾಪ್' ಅಂತ ಜಾಗ ತೋರಿಸುತ್ತಾರೆ, ಒಪ್ಪಿದೆ. ಜಾಗಕ್ಕೆ ಹೆಸರಿದ್ದ ಮಾತ್ರಕ್ಕೆ ಸಾಕ್ಷಿ ಆಯ್ತಾ? ಶ್ರವಣಬೆಳಗೊಳದ ಶಾಸನ ಹೇಳುವುದು ಇಷ್ಟೇ: 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಹಾರಿದಳು ಅಂತ ಇಲ್ಲ. ಮುಚ್ಚಿಟ್ಟಿರಬಹುದಲ್ವಾ ಅಂತೀರಾ? ಅದೇ ಶಾಸನದಲ್ಲಿ ತಾಯಿ ಮಾಚಿಕಬ್ಬೆಯ ಸಾವೂ ಇದೆ. ಮಗಳು ಹೋದ ಮೇಲೆ ಬೆಳಗೊಳಕ್ಕೆ ಬಂದು, ತಿಂಗಳು ಉಪವಾಸವಿದ್ದು, ಸಲ್ಲೇಖನ ಅನ್ನುವ ಜೈನ ವ್ರತದಿಂದ ಪ್ರಾಣ ಬಿಟ್ಟಳು. ತಾಯಿಯ ಸಾವನ್ನು ಇಷ್ಟು ಬಿಡಿಸಿ ಬರೆದವರು ಮಗಳದ್ದನ್ನು ಒಂದೇ ಮಾತಲ್ಲಿ ಮುಗಿಸಿದ್ದಾರೆ. ಉಳಿದದ್ದೆಲ್ಲ ಆಮೇಲೆ ಹೆಣೆದ ಕಥೆ. ಮುಂದೆ ಪಟ್ಟಕ್ಕೆ ಬಂದ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮಾದೇವಿಯ ಮಗ. ಕಥೆ ಕಟ್ಟುವವರಿಗೆ ಅಷ್ಟು ಸಾಕಲ್ವಾ?

ಅಲ್ಲ, ಸತ್ತ ರೀತಿ ನೋಡಿ ಹೆಸರು ಬಿಡುವುದಾದರೆ ನಮ್ಮಲ್ಲಿ ಎಷ್ಟು ಹೆಸರು ಉಳಿದೀತು? ಧೈರ್ಯವಾಗಿ ಇಡಿ. ಮಾಚಿಕಬ್ಬೆ ಅಂತ ಇಡಿ ಅಂದರೆ ಹೇಗೂ ಇಡಲ್ಲ ನೀವು.

ಅಂದ ಹಾಗೆ, ಯಾರೂ ಕೇಳದ ಇನ್ನೊಂದು ಮಾತು. ಬೇಲೂರು ಕಡೆ ಗಂಡು ಹುಟ್ಟಿದರೆ ಚನ್ನಕೇಶವ ಅಂತ ಇಡುತ್ತಾರಲ್ಲ, 1117ರ ಶಾಸನದಲ್ಲಿ ದೊಡ್ಡ ಗುಡಿಯ ದೇವರು ವಿಜಯನಾರಾಯಣ. ಚೆನ್ನಕೇಶವ ಅಂತ ಕರೆದಿರುವುದು ಪಕ್ಕದ ಗುಡಿಯಲ್ಲಿರುವ, ಈಗ ನಾವು ಕಪ್ಪೆ ಚೆನ್ನಿಗರಾಯ ಅನ್ನುವ ದೇವರನ್ನು. ಆ ಮೂರ್ತಿಯನ್ನು ಮಾಡಿಸಿದವಳು ಯಾರು ಗೊತ್ತಾ? ಶಾಂತಲೆಯೇ. ಪೀಠದ ಮೇಲೆ ಬರೆದಿದೆ, ಸೊಸೆ ಮೊಮ್ಮಗಳ ಸಮೇತ ಅತ್ತೆಯವರು ಹೋಗಿ ನೋಡಿಕೊಂಡು ಬರಲಿ.