ಕೋತಿಯ ಬೆನ್ನನ್ನು ಬಾಗಿಸಿದವರು ಯಾರು?

ಜಪಾನಿನಲ್ಲಿ ‘ಸಾರು ಮವಾಶಿ’ ಎಂಬ ಹಳೆಯ ಕೋತಿಯಾಟವಿದೆ. ಮರಿಯಾಗಿದ್ದಾಗಿನಿಂದಲೇ ಪಳಗಿಸಿ, ಎರಡು ಕಾಲಿನ ಮೇಲೆ ನಿಲ್ಲಿಸಿ, ನಡೆಸಿ ಆಡಿಸುತ್ತಾರೆ. ನಾಲ್ಕು ಕಾಲಿನಲ್ಲಿ ಓಡಾಡುವ ಕೋತಿಯ ಬೆನ್ನು ಬಿಲ್ಲಿನಂತೆ ಮೇಲಕ್ಕೆ ಉಬ್ಬಿರುತ್ತದೆ. ಆದರೆ ವರ್ಷಗಟ್ಟಲೆ ನಡೆದು ಪಳಗಿದ ಈ ಕೋತಿಗಳ ಸೊಂಟ ಮನುಷ್ಯರ ಸೊಂಟದಂತೆಯೇ ಒಳಕ್ಕೆ ಬಾಗಿರುವುದನ್ನು ಸಂಶೋಧಕರು 1988ರಲ್ಲಿ ವರದಿ ಮಾಡಿದರು. ವಂಶವಾಹಿ ಬದಲಾಗಿರಲಿಲ್ಲ, ಬದಲಾದದ್ದು ಬದುಕು. ಆಡಿಸುವ ಕೋತಿಯ ಮರಿ ಮತ್ತೆ ಮೊದಲಿನಿಂದ ಕಲಿಯಬೇಕು, ಅದರ ಬೆನ್ನೂ ಮೊದಲಿನಿಂದಲೇ ಬಾಗಬೇಕು.

ಇಷ್ಟನ್ನೇ ನೋಡಿದವರಿಗೆ ಬೆನ್ನೆಲುಬು ಮೇಣದ ಬೊಂಬೆಯಂತೆ ತೋರಬಹುದು. ಎಣಿಸುವವರಿಗೆ ಹಾಗೆ ಅನಿಸಿರಲಿಲ್ಲ. ಅಂಗರಚನಾ ತಜ್ಞರಾದ ಅಡಾಲ್ಫ್ ಶುಲ್ಟ್ಸ್ ಮತ್ತು ವಿಲಿಯಂ ಸ್ಟ್ರಾಸ್ 1945ರಲ್ಲಿ ಕೋತಿ, ವಾನರ (ಚಿಂಪಾಂಜಿಯಂಥ ಬಾಲವಿಲ್ಲದವು), ಮನುಷ್ಯರ ಬೆನ್ನುಮೂಳೆಗಳ ಎಣಿಕೆಯನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಉತ್ತರ ಭಾರತದಲ್ಲಿ ಕಾಣುವ ರೀಸಸ್ ಕೋತಿಗೆ ಸಾಮಾನ್ಯವಾಗಿ ಕತ್ತಿನಲ್ಲಿ 7, ಎದೆಯಲ್ಲಿ 12, ಸೊಂಟದಲ್ಲಿ 7 ಮೂಳೆಗಳು. ನಮಗೆ ಸೊಂಟದಲ್ಲಿ 5 ಮಾತ್ರ. ಅಲ್ಲೊಂದು ಇಲ್ಲೊಂದು ಪ್ರಾಣಿಯಲ್ಲಿ ಒಂದು ಮೂಳೆ ಹೆಚ್ಚೋ ಕಡಿಮೆಯೋ ಇರುತ್ತದಾದರೂ ಜಾತಿಯ ಲೆಕ್ಕ ಗಟ್ಟಿ.

ಈ ಗಟ್ಟಿತನ ಎಲ್ಲಿಂದ ಬಂತು ಎಂಬುದು ಇಲಿಗಳಿಂದ ತಿಳಿಯಿತು. 2003ರಲ್ಲಿ ವಿಜ್ಞಾನಿಗಳಾದ ಡೆನೀನ್ ವೆಲಿಕ್ ಮತ್ತು ಮಾರಿಯೋ ಕ್ಯಾಪೆಕಿ, ಹಾಕ್ಸ್-10 ಎಂಬ ವಂಶವಾಹಿ ಗುಂಪನ್ನು ಪೂರ್ತಿಯಾಗಿ ಕೆಲಸ ಮಾಡದಂತೆ ಮಾಡಿದಾಗ ಇಲಿಗಳ ಸೊಂಟದ ಮೂಳೆಗಳಿಗೂ ಪಕ್ಕೆಲುಬು ಮೂಡಿತು. ಯಾವ ಮೂಳೆ ಏನಾಗಬೇಕು ಎಂಬ ಅಪ್ಪಣೆ ಭ್ರೂಣದಲ್ಲೇ ಹೊರಡುತ್ತದೆ, ಸರಿ. ಆದರೆ ಅದಕ್ಕೂ 45 ವರ್ಷ ಮೊದಲು ನಡೆದ ಒಂದು ಪ್ರಯೋಗ ಈ ಅಚ್ಚುಕಟ್ಟಾದ ಉತ್ತರವನ್ನು ಕೆಡಿಸಿತ್ತು. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದದ್ದೂ ಅದೇ.

ಆನ್ ಮೆಕ್‌ಲಾರೆನ್ ಮತ್ತು ಡೊನಾಲ್ಡ್ ಮಿಕಿ ಬಳಿ ಎರಡು ಇಲಿ ತಳಿಗಳಿದ್ದವು. ಒಂದಕ್ಕೆ ಸೊಂಟದಲ್ಲಿ ಹೆಚ್ಚಾಗಿ 5 ಮೂಳೆ, ಇನ್ನೊಂದಕ್ಕೆ 6. ಎರಡನ್ನೂ ಕೂಡಿಸಿದರೆ ಮಿಶ್ರತಳಿಯ ಮರಿಗಳ ಎಣಿಕೆ ತಾಯಿಯ ಕಡೆಗೆ ವಾಲುತ್ತಿತ್ತು. ತಾಯಿ ಕೊಟ್ಟದ್ದು ಅಂಡದ ಮೂಲಕವೋ, ಗರ್ಭದ ಮೂಲಕವೋ? ಅವರು ಭ್ರೂಣಗಳನ್ನು ತೆಗೆದು ಬೇರೆ ತಳಿಯ ಬಾಡಿಗೆ ತಾಯಿಯ ಗರ್ಭಕೋಶದಲ್ಲಿಟ್ಟರು. 1958ರಲ್ಲಿ ಪ್ರಕಟವಾದ ಉತ್ತರ: ಎಣಿಕೆಯನ್ನು ವಾಲಿಸಿದ್ದು ಹೊತ್ತ ಗರ್ಭ. ಹುಟ್ಟುವ ಮೊದಲೇ ಪರಿಸರ ಕೈಯಾಡಿಸುತ್ತದೆಂದ ಮೇಲೆ, ಹುಟ್ಟಿನಿಂದ ಬಂದದ್ದೆಲ್ಲ ವಂಶದ್ದು ಎನ್ನುವುದು ಆತುರದ ಮಾತು.

ಕೋತಿಗಳಲ್ಲಿ ಹೀಗೆ ಗರ್ಭ ಬದಲಿಸಿ ನೋಡುವುದು ಸುಲಭವಲ್ಲ. ಅವುಗಳಲ್ಲಿ ವಂಶಾವಳಿಯೇ ಆಧಾರ. ಅಂಥ ವಂಶಾವಳಿಗೆ ಹೆಸರಾದದ್ದು ಕೆರಿಬಿಯನ್ ಸಮುದ್ರದ ಪೋರ್ಟೊರಿಕೋ ತೀರದ ಕಾಯೋ ಸ್ಯಾಂಟಿಯಾಗೊ ದ್ವೀಪ. ಸುಮಾರು 15 ಹೆಕ್ಟೇರಿನ ಈ ನೆಲಕ್ಕೆ 1938ರಲ್ಲಿ ಕೋತಿಗಳ ಸಂಶೋಧಕ ಕ್ಲಾರೆನ್ಸ್ ಕಾರ್ಪೆಂಟರ್ ಭಾರತದಿಂದ ಹಡಗಿನಲ್ಲಿ ತಂದ 409 ರೀಸಸ್ ಕೋತಿಗಳನ್ನು ಬಿಡಲಾಯಿತು. ಈಗಿರುವವೆಲ್ಲ ಅವುಗಳ ಸಂತತಿ. 1950ರ ದಶಕದಲ್ಲಿ ಹಚ್ಚೆ ಹಾಕಿ ಲೆಕ್ಕ ಇಡುವುದು ಶುರುವಾಯಿತು, ತಾಯಿ ಯಾರು, ಹುಟ್ಟಿದ್ದು ಯಾವಾಗ ಎಂಬುದು ದಾಖಲಾಯಿತು. ಸತ್ತ ಕೋತಿಗಳ ಅಸ್ಥಿಪಂಜರಗಳನ್ನೂ ಎತ್ತಿಟ್ಟುಕೊಳ್ಳಲಾಯಿತು.

ಅಲ್ಲಿನ ಮುದಿ ಕೋತಿಗಳ ಸೊಂಟದ ಮೂಳೆ ಅನೇಕ ಸಲ ನಯವಾಗಿ ಉಳಿದಿರುವುದಿಲ್ಲ. ಅಂಚು ಮಡಕೆಯ ಕಂಠದಂತೆ ಹೊರಕ್ಕೆ ಹರಡಿ, ಮುಳ್ಳುಮುಳ್ಳಾಗಿ ಪಕ್ಕದ ಮೂಳೆಯತ್ತ ಚಾಚಿಕೊಂಡಿರುತ್ತದೆ. ಎರಡು ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಸವೆದು ಕುಗ್ಗಿದ್ದರ ಗುರುತು ಇದು. ಬೆನ್ನುನೋವಿನ ರೋಗಿಯ ಎಕ್ಸ್‌ರೇ ನೋಡಿದವರಿಗೆ ಪರಿಚಿತ ದೃಶ್ಯ. ವಯಸ್ಸಿನೊಂದಿಗೆ ಈ ಸವೆತ ಹೆಚ್ಚುತ್ತದೆ ಎನ್ನುವುದರಲ್ಲಿ ತಕರಾರಿಲ್ಲ. ಒಂದೇ ವಯಸ್ಸಿನ ಎರಡು ಕೋತಿಗಳಲ್ಲಿ ಒಂದಕ್ಕೇ ಹೆಚ್ಚು ಏಕೆ ಎಂಬಲ್ಲಿ ವಂಶಾವಳಿ ಬೇಕಾಗುತ್ತದೆ: ರಕ್ತಸಂಬಂಧಿಗಳ ಮೂಳೆಗಳು ಪರಕೀಯರ ಮೂಳೆಗಳಿಗಿಂತ ಎಷ್ಟು ಹೆಚ್ಚು ಹೋಲುತ್ತವೆ ಎಂದು ಅಳೆದು, ವ್ಯತ್ಯಾಸದಲ್ಲಿ ವಂಶದ ಪಾಲನ್ನು ಅಂದಾಜು ಮಾಡುತ್ತಾರೆ.

ಈ ಪಾಲಿನ ಅಂಕಿಯನ್ನು ತಪ್ಪಾಗಿ ಓದುವವರೇ ಹೆಚ್ಚು. ಪಾಲು ಶೇ 40 ಎಂದರೆ ಒಂದು ಕೋತಿಯ ಬೆನ್ನಿನ ಶೇ 40 ಭಾಗವನ್ನು ವಂಶವಾಹಿ ಕಟ್ಟಿತು ಎಂದಲ್ಲ. ಆ ಗುಂಪಿನಲ್ಲಿ, ಆ ಜಾಗದಲ್ಲಿ ಕಂಡ ವ್ಯತ್ಯಾಸಗಳಲ್ಲಿ ಅಷ್ಟು ಪಾಲು ವಂಶದ್ದು ಎಂದರ್ಥ. ಕತ್ತಿನ 7 ಮೂಳೆಗಳನ್ನೇ ನೋಡಿ: ಎಲ್ಲ ಕೋತಿಗಳಲ್ಲೂ ಅಷ್ಟೇ ಇದ್ದರೆ ವ್ಯತ್ಯಾಸವೇ ಇಲ್ಲ, ಹಂಚಲು ಪಾಲೂ ಇಲ್ಲ. ಹಾಗೆಂದು ಅದಕ್ಕೆ ವಂಶವಾಹಿ ಕಾರಣವಲ್ಲ ಎನ್ನಲಾದೀತೇ? ಎಲ್ಲಕ್ಕೂ ಒಂದೇ ಬಗೆಯ ಆಹಾರ ಸಿಗುವ ದ್ವೀಪದಲ್ಲಿ ಪರಿಸರದ ವ್ಯತ್ಯಾಸ ತಗ್ಗುತ್ತದೆ, ವಂಶದ ಪಾಲು ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ.

ಆ ಪರಿಸರವೂ ನಿಂತಲ್ಲೇ ನಿಲ್ಲಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ದ್ವೀಪದ ಹಸಿರನ್ನು ಬಹುಪಾಲು ಬೋಳಿಸಿತು, ನೆರಳಿಗಾಗಿ ಕೋತಿಗಳು ಒತ್ತೊತ್ತಾಗಿ ಕೂರಬೇಕಾಯಿತು. ಗಾಳಿಗೆ ಮೊದಲಿನ ಮೂಳೆಗಳಿಂದ ತೆಗೆದ ಅಂಕಿಯನ್ನು ಆಮೇಲೆ ಹುಟ್ಟಿದ ಮರಿಗಳ ಬೆನ್ನಿಗೆ ಹಾಗೆಯೇ ಹೊರಿಸಲಾಗದು.